ಅಂತೆ

ರಾತ್ರಿ ಪಾಳಿ. ಮಿಲ್ಟನ್ ಕೀನ್ಸಿನ ವೃತ್ತಗಳೆಲ್ಲ
ಬಸ್ಸಿಲ್ಲದೆ ತಮ್ಮಷ್ಟಕ್ಕೆ ತಾವೇ ಸುತ್ತುತ್ತಿವೆ.
ಊರಾಚೆಯ ಹುಲ್ಲಿನಲ್ಲಿ ಕಾಂಕ್ರೀಟಿನ ಹಸುಗಳು
ಮೆಲುಕು ಹಾಕದೆ ನಿಂತಿವೆ.
ನಾನು ಲ್ಯಾಬಿನಲ್ಲಿ, ಕೈಗವಸು ತೊಟ್ಟು,
ನೇರಳೆ ಮುಚ್ಚಳದ ಕೊಳವೆಗಳನ್ನು ಸಾಲಿಗಿಡುತ್ತಿದ್ದೇನೆ.

ಅಬೆನಾ ಡಾರ್ಕ್ವಾ. ವಯಸ್ಸು ಐವತ್ತೇಳು.
ಮೂರು ವರ್ಷ, ಮೂರು ಸಲ, ಹಳೆಯ ಯಂತ್ರದಲ್ಲಿ:
ಮೂವತ್ತೈದು, ಮೂವತ್ನಾಲ್ಕು, ಮೂವತ್ತಾರು.
ಸಕ್ಕರೆ ಕಾಯಿಲೆ ಇಲ್ಲ. ಸಂತೋಷ. ಮುಂದಿನ ವರ್ಷ ಬನ್ನಿ.
ಕೆಳಗೆ ಹೊಸ ಡಾಕ್ಟರರ ಗೀಚು ಬರಹ:
ಬಾಯಾರುತ್ತದಂತೆ.
ರಾತ್ರಿ ನಾಲ್ಕು ಸಲ ಏಳುತ್ತಾರಂತೆ.
ಬೆರಳು ಚುಚ್ಚುವ ಮೀಟರು ಹದಿನಾರು ತೋರಿಸುತ್ತದಂತೆ.
ದಯವಿಟ್ಟು ಇನ್ನೊಮ್ಮೆ ನೋಡಿ.

ಬರೆದದ್ದು ಇಂಗ್ಲಿಷಿನಲ್ಲಿ.
ಓದುತ್ತ ಓದುತ್ತ ನನ್ನೊಳಗೆ ಕನ್ನಡವಾಗುವಾಗ
ಪ್ರತಿ ಸಾಲಿನ ಬಾಲಕ್ಕೂ ಆ ‘ಅಂತೆ’
ತಾನಾಗಿ ಬಂದು ಅಂಟಿತು.

ಅಪ್ಪ ರಾಣೆಬೆನ್ನೂರಿನಲ್ಲಿ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು.
ಸಂತೆಯ ದಿನ ತಕ್ಕಡಿ ಬೋರಲು ಹಾಕಿ
ತಟ್ಟೆಯಡಿ ಬೆರಳಾಡಿಸುತ್ತಿದ್ದರು,
ಮೆತ್ತಿದ ಹುಣಸೆಹಣ್ಣು ಸಿಕ್ಕೀತೆಂದು.
‘ಕಲ್ಲು ಸುಳ್ಳ ಹೇಳಂಗಿಲ್ಲವಾ. ಅದರ ಕೆಳಗ ಏನೈತಿ ನೋಡು.’

ಕೆಂಪುಕಣ ನೂರಿಪ್ಪತ್ತು ದಿನ ಸುತ್ತುತ್ತದೆ;
ಬೆಲ್ಲದ ಪಾಕದಲ್ಲಿ ಮರೆತ ಸೌಟಿನಂತೆ
ದಿನದಿನಕ್ಕೂ ಚೂರು ಸಿಹಿ ಮೆತ್ತಿಕೊಳ್ಳುತ್ತದೆ.
ಮೆತ್ತಿದ್ದನ್ನು ಅಳೆದು ನಾವು
ಮೂರು ತಿಂಗಳ ಜಾತಕ ಬರೆಯುತ್ತೇವೆ.
ಆದರೆ ಅದು ‘ಎ’ ಎಂಬ ಹಿಮೋಗ್ಲೋಬಿನ್ನಿನ ಜಾತಕ.

ಹೊಸ ಯಂತ್ರ ಗೆರೆ ಎಳೆಯಿತು.
ದೊಡ್ಡ ಗುಡ್ಡ ಏಳಬೇಕಾದಲ್ಲಿ ಬಟ್ಟ ಬಯಲು.
ಅದರಾಚೆ ಎರಡು ಗುಡ್ಡ, ಸರಿಸಮ: ಎಸ್, ಸಿ.
ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು.
ಕುಮಾಸಿಯಲ್ಲಿ ಎರಡೂ ಒಟ್ಟಿಗೆ ವಿಮಾನ ಹತ್ತಿದ್ದವು,
ಪಾಸ್‌ಪೋರ್ಟಿನ ಯಾವ ಪುಟದಲ್ಲೂ ಮುದ್ರೆಯಿಲ್ಲದೆ.
‘ಎ’ ಇಲ್ಲವೇ ಇಲ್ಲ ಈಕೆಯಲ್ಲಿ.
ಇಲ್ಲದ ಅಕ್ಷರಕ್ಕೆ ಮೂರು ವರ್ಷ
ಅಂಕ ಕೊಟ್ಟು ಪಾಸು ಮಾಡಿದ್ದೇವೆ.
ಈಕೆಯ ಕಣಗಳು ತಿಂಗಳಿಗೆಲ್ಲ ಸಾಯುತ್ತವೆ,
ಸಿಹಿ ಮೆತ್ತಿಕೊಳ್ಳಲು ಅವಕ್ಕೆ ಪುರುಸೊತ್ತೆಲ್ಲಿ?

ಅಪ್ಪಾ, ಇಲ್ಲಿ ಯಾರೂ ಹುಣಸೆಹಣ್ಣು ಹಚ್ಚಿರಲಿಲ್ಲ.
ಕಲ್ಲು ಸರಿ. ತಟ್ಟೆ ಸರಿ. ಮುದ್ರೆಯೂ ಆ ವರ್ಷದ್ದೇ.
ಗೋಪುರ ಕಟ್ಟಿ ಅಳೆಯುವ ಜೋಳದ ಸೇರಿನಲ್ಲಿ
ಎಣ್ಣೆ ಅಳೆದರು,
ಗೋಪುರ ಯಾಕೆ ನಿಲ್ಲಲಿಲ್ಲ ಎಂದು ಕೇಳಲಿಲ್ಲ.

ಜೊತೆಗೆ ಬಂದ ಹಳದಿ ಮುಚ್ಚಳದ ಕೊಳವೆಯಲ್ಲಿ
ಕಣಗಳ ಹಂಗಿಲ್ಲದ ತಿಳಿನೀರು.
ಬೇರೆ ಯಂತ್ರ, ಬೇರೆ ಪರೀಕ್ಷೆ, ಫ್ರಕ್ಟೋಸಮೀನ್.
ಇನ್ನೂರೆಂಬತ್ತು ದಾಟಬಾರದು. ನಾನೂರ ಹನ್ನೆರಡು.

ಬೆಳಿಗ್ಗೆ ಫೋನಿನಲ್ಲಿ ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:
ಬ್ಲೆಚ್ಲಿಯ ಶಾಲೆಯೊಂದರಲ್ಲಿ ಆಕೆ ಅಡುಗೆಯವರು.
ಮೀಟರಿನ ಅಂಕಿ ಬರೆದಿಟ್ಟ ನೋಟ್‌ಬುಕ್ಕು ತಂದಾಗಲೆಲ್ಲ
ಹಿಂದಿನವರು ನಕ್ಕು ಕಳಿಸುತ್ತಿದ್ದರು,
‘ಕೈ ತೊಳೆದು ಚುಚ್ಚಿಕೊಳ್ಳಿ,
ಬೆರಳಿಗೆ ಕಸ್ಟರ್ಡ್ ಅಂಟಿರಬೇಕು.’
ಆಕೆ ತೊಳೆದರು. ಮೂರು ವರ್ಷ ತೊಳೆದರು.

ವರದಿಯಲ್ಲಿ ಷರಾ ಬರೆಯುವ ಚೌಕ ಚಿಕ್ಕದು.
ಬರೆಯಬೇಕಾದ್ದನ್ನು ಇಂಗ್ಲಿಷಿನಲ್ಲಿ ಬರೆದೆ, ಸಹಿ ಹಾಕಿದೆ,
ಕೈಗವಸು ಕಳಚಿದೆ.
ಕಾರ್ ಪಾರ್ಕಿನಲ್ಲಿ ಗಾಜಿನ ಮೇಲಿನ ಹಿಮ ಕೆರೆಯುತ್ತ
ನನಗೇ ಕೇಳುವಷ್ಟು ಗಟ್ಟಿಯಾಗಿ ಅಂದೆ:

ಬಾಯಾರುತ್ತದೆ.
ರಾತ್ರಿ ನಾಲ್ಕು ಸಲ ಏಳುತ್ತಾರೆ.
ಮೀಟರು ಹದಿನಾರು ತೋರಿಸುತ್ತದೆ.