ಚಕ್ಕುಬಂದಿ

ಭಾಮೈದ ಜವರನಿಗೆ,
ಕಾಗದ ಬಂತು. ನೀನೂ ಅರ್ಜಿ ಹಾಕುತ್ತೀಯಂತೆ.
ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು ಇದನ್ನು ಓದಿಸಿಕೋ.
ಬರೆಯುತ್ತಿರುವವನು ಕಾಫಿ ತೋಟದ ರೈಟರು.
ಒಂದೆರಡು ಒಳ್ಳೆಯ ಮಾತು ಅವನಾಗಿ ಸೇರಿಸಿದ್ದರೆ
ನಂಬಬೇಡ.

ನಮ್ಮ ಹಳೆಯ ಹೊಲದ ಚಕ್ಕುಬಂದಿ ನಿನಗೆ ಗೊತ್ತು:
ಪೂರ್ವಕ್ಕೆ ಬೋರಲಿಂಗನ ಕಳ್ಳಿಬೇಲಿ,
ಪಶ್ಚಿಮಕ್ಕೆ ಗಾಡಿದಾರಿ,
ಉತ್ತರಕ್ಕೆ ಮಡಿವಾಳರ ಕೆಂಚಿಯ ಹುಣಸೆಮರ,
ದಕ್ಷಿಣಕ್ಕೆ ನಿಮ್ಮಪ್ಪನ ಬದು.
ವರ್ಷಕ್ಕೊಂದು ಗೇಣು ನಮ್ಮತ್ತ ಸರಿಸುತ್ತಿದ್ದನಲ್ಲ, ಅದೇ.
ಅವನ ಜೊತೆ ಜಗಳವಾಡಿದಷ್ಟು
ಇಲ್ಲಿ ಯಾರ ಜೊತೆಗೂ ನಾನು ಮಾತೇ ಆಡಿಲ್ಲ.

ಈಗಿನ ಹಕ್ಕುಪತ್ರದಲ್ಲಿ
ಪೂರ್ವಕ್ಕೆ ಕಾಡು. ಪಶ್ಚಿಮಕ್ಕೆ ಕಾಡು. ಉತ್ತರಕ್ಕೂ ಅದೇ.
ದಕ್ಷಿಣಕ್ಕೆ ಸರ್ಕಾರಿ ಹಳ್ಳ.
ಊರಿಗೆ ಹೆಸರಿಲ್ಲ, ಬ್ಲಾಕು ಏಳು.
ಸಕಲೇಶಪುರದಿಂದ ಬಸ್ಸು ಹಿಡಿದು, ಇಳಿದು, ನಡೆದು ಬರುವಷ್ಟರಲ್ಲಿ
ಕಟ್ಟಿಕೊಂಡ ಬುತ್ತಿ ಮುಗಿದಿರುತ್ತದೆ.

ಲಾರಿ ಹತ್ತಿಸುವಾಗ ಶೇಕದಾರರು ಹೇಳಿದ್ದರು,
ಕಡ್ಡಿ ನೆಟ್ಟರೆ ಚಿಗುರುವ ಮಣ್ಣು ಅಂತ.
ಸುಳ್ಳಲ್ಲ ಜವರ, ಬೇಲಿಗೂಟವೆಲ್ಲ ಚಿಗುರಿವೆ.
ರಾಗಿ ಮಾತ್ರ ಆಳೆತ್ತರ ಹೋಗಿ
ತೆನೆಯಲ್ಲೇ ಮೊಳೆತು ಹಸಿರು ಗಡ್ಡ ಬಿಟ್ಟಿತು.
ಉಂಬಳಿ ಕೊಡುತ್ತಾರೆ ಅಂತ ಬಂದವನಿಗೆ
ಸಿಕ್ಕಿದ್ದು ಉಂಬಳ.
ಹಗಲೆಲ್ಲ ಕಾಲಿನಿಂದ ಬಿಡಿಸು, ರಾತ್ರಿ ಕಂಬಳಿಯಲ್ಲಿ ಹುಡುಕು.
ನಾಲ್ಕು ಎಕರೆಗೆ ಯಜಮಾನ ನಾನು,
ವಾರಕ್ಕೆ ಆರು ದಿನ
ಸಾಹುಕಾರರ ತೋಟದಲ್ಲಿ ಗುಂಡಿ ಹೊಡೆಯುತ್ತೇನೆ.

ಅಂಗಡಿಯಲ್ಲಿ ಉಪ್ಪು ಕೇಳಿದರೆ
'ಮುಳುಗಡೆಯವರಾ?' ಅನ್ನುತ್ತಾರೆ.
ಮುಳುಗಿದ್ದು ಊರು. ಹೆಸರು ಹತ್ತಿದ್ದು ನಮಗೆ.

ಆನೆಯ ವಿಷಯ ಬರೆಸುವುದಿಲ್ಲ, ನಿನ್ನಕ್ಕ ಬೇಡ ಅಂದಳು.
ಬಾಳೆ ಹೋಯಿತು, ಅಷ್ಟೆ.
ಅಡುಗೆಮನೆಯ ತಡಿಕೆಯೂ.

ಒಂದು ಮಾತು ಇನ್ನೂ ಯಾರಿಗೂ ಹೇಳಿಲ್ಲ.
ಮೊದಲ ವರ್ಷ, ಪೈರಿಗೆ ನೆರಳೆಂದು
ದೊಡ್ಡದೊಂದು ಮರ ಕಡಿದೆ. ಮೂರು ದಿನ ಹಿಡಿಯಿತು.
ನಾಲ್ಕನೆಯ ದಿನ ಹಸಲರ ಮುದುಕಿಯೊಬ್ಬಳು ಬಂದು
ಬೊಡ್ಡೆಯ ಮೇಲೆ ಕೈಯಿಟ್ಟು ಕೂತಳು.
ಅವಳತ್ತೆಯ ಕಾಲದಿಂದ ಜೇನು ಕಟ್ಟುತ್ತಿದ್ದ ಮರವಂತೆ.
ಬೈಯಲಿಲ್ಲ. ಎಲೆಅಡಿಕೆ ಕೇಳಿದಳು,
ಕೊಟ್ಟೆ, ಹಾಕಿಕೊಂಡು ಎದ್ದು ಹೋದಳು.
ಮಲಗಿದ ಮೇಲೆ ಹೊಳೆಯಿತು:
ಅವಳ ಪಾಲಿಗೆ ನಾನೇ ನೀರು.

ಎತ್ತುಗಳ ಸುದ್ದಿ ಕೇಳಿದ್ದೀಯ.
ಮುದ್ದ, ಗೊರಸು ಕೊಳೆತು ಸತ್ತ.
ಕರಿಯ ಒಂದು ರಾತ್ರಿ ಹಗ್ಗ ಹರಿದು ಹೋದ.
ಆನೆ ತುಳಿಯಿತೋ, ಕಟುಕರ ಲಾರಿ ಹತ್ತಿದನೋ ಅಂತ
ಹುಡುಕುತ್ತ ಹುಡುಕುತ್ತ ಆಲೂರು ದಾಟಿದೆ.
ಹಳೇ ರಸ್ತೆ ಹಿನ್ನೀರಿಗೆ ಇಳಿದು ಕಾಣೆಯಾಗುತ್ತದಲ್ಲ,
ಅಲ್ಲಿ ಸಿಕ್ಕ.
ಮೊಣಕಾಲುದ್ದ ನೀರಲ್ಲಿ, ಮುಖ ಊರಿನ ಕಡೆಗೆ.
ಕುಡಿಯುತ್ತಿದ್ದ.
ನಮ್ಮ ಹೊಲ, ನಿಮ್ಮಪ್ಪನ ಬದು, ಕೆಂಚಿಯ ಹುಣಸೆಮರ
ಎಲ್ಲವನ್ನೂ ನಿಧಾನವಾಗಿ ಕುಡಿಯುತ್ತಿದ್ದ.
ಮುಗಿಸಲಿ ಅಂತ ಬೀಡಿ ಹಚ್ಚಿ ಕಾದೆ.
ಮುಗಿಯಲಿಲ್ಲ.

ಅದಕ್ಕೇ ಹೇಳುತ್ತೇನೆ, ಬರಬೇಡ.
ನೀರಿನ ಮೇಲೆ ಉಳಿದಿರುವ ನಿನ್ನ ಅರ್ಧ ಎಕರೆ ದಿಬ್ಬವೇ ಸಾಕು.
ಹುರುಳಿ ಚೆಲ್ಲು, ಮೀನು ಹಿಡಿ, ಅಲ್ಲೇ ಇರು.

ಬಂದೇ ಬರುತ್ತೀಯಾದರೆ
ಹಗ್ಗ ಬೇಡ, ಸರಪಳಿ ತಾ. ಹೊಗೆಸೊಪ್ಪು ಜಾಸ್ತಿ ತಾ,
ಉಂಬಳಕ್ಕೆ ಅದೊಂದೇ ಮದ್ದು.
ಮತ್ತೆ, ಕಚೇರಿಯಲ್ಲಿ ಹದಿನೆಂಟನೆಯ ನಂಬರು ಕೇಳು,
ಬೇರೆ ಕೊಟ್ಟರೆ ಒಪ್ಪಬೇಡ.
ನಮ್ಮ ಪೂರ್ವದ ಕಾಡು ಅದು, ಹೋದ ತಿಂಗಳು ಕಲ್ಲು ನೆಟ್ಟರು.
ಆಮೇಲೆ ಅವರು ಪತ್ರ ತಿದ್ದಲೇಬೇಕಾಗುತ್ತದೆ:
ಪೂರ್ವಕ್ಕೆ, ಜವರ.

ಬದು ಎಷ್ಟು ಬೇಕಾದರೂ ಸರಿಸಿಕೋ.