ಎರಡನೆಯ ದನಿ

ಮೊಸ್ಯೂ ಎನ್ನಬೇಕಿತ್ತು.
ಚಾಂಪಿಯನ್ ರೀಫ್ಸ್ ಲೈನುಮನೆಗಳ ನಾಲಿಗೆಗೆ ಒಗ್ಗದೆ
ಅದು ಮೂಸೆ ಸಾರ್ ಆಯಿತು.
ಅರ್ಥ ಕೇಳಿ ತಿಳಿದು ತಲೆದೂಗಿದರು:
ಚಿನ್ನ ಸುರಿದ ಮೇಲೆ ಮೂಸೆಯನ್ನು
ಗುಡ್ಡೆಗೆ ಎಸೆಯುತ್ತಾರೆ, ಅಲ್ಲವೆ?
ನಕ್ಕು ಪೆಡಲ್ ಒತ್ತಿದರು. ಗೆದ್ದಲು ಹಿಡಿದ ಹಾರ್ಮೋನಿಯಂ
ಮೊದಲು ಕೆಮ್ಮಿ, ಆಮೇಲೆ ಹಾಡಿತು.

ಒಂದು ಹಾಡಿಗೆ ಎದುರಾಗಿ ಇನ್ನೊಂದನ್ನು ಬರೆಯಬೇಕು.
ನೆರಳಾಗಬಾರದು ಅದು, ಜಗಳಗಂಟಿಯೂ ಆಗಬಾರದು.
ಷಡ್ಜ ಪಂಚಮ ಕೈಕೈ ಹಿಡಿದು ಹೊರಟರೆ
ಸರ್ವೆ ಆಫೀಸಿನ ಕೆಂಪು ಪೆನ್ಸಿಲ್ಲು
ಸುತ್ತು ಹಾಕಿ ನಿಟ್ಟುಸಿರು ಬಿಡುತ್ತಿತ್ತು.
ನಮ್ಮ ತಲೆಗೆ ಹತ್ತದೆ ಹೋದಾಗ ಕಿಟಕಿ ತೆರೆದರು:
ಶಾಫ್ಟಿನ ನೆತ್ತಿಯಲ್ಲಿ ಎರಡು ಚಕ್ರ,
ಒಂದು ಪಂಜರ ಇಳಿದರೇನೇ ಇನ್ನೊಂದು ಏರುವುದು,
ಎಂಜಿನ್ನು ಒಂದೇ.

ನೆಲ ನಡುಗಿದ ಮಧ್ಯಾಹ್ನ
ಹಾರ್ಮೋನಿಯಂ ಮೇಲಿನ ಗಾಜಿನ ಲೋಟ ತಾನೇ ಸರಿದು ಬಿತ್ತು.
ಸೈರನ್ನು.
ಕೆಳಗೆ ನನ್ನಪ್ಪ. ಅರುಳಪ್ಪನ ಅಪ್ಪನೂ.
ಸಾರ್ ನಮಗಿಂತ ಮುಂದೆ ಓಡುತ್ತಿದ್ದರು, ಬರಿಗಾಲಲ್ಲಿ.
ಮೂರನೆಯ ಪಂಜರದಲ್ಲಿ ನನ್ನಪ್ಪ ಬಂದ, ನಿಂತುಕೊಂಡು.
ಏಳನೆಯದರಲ್ಲಿ ಅವನಪ್ಪ.

ಅರುಳಪ್ಪ ಮತ್ತೆ ಪಾಠಕ್ಕೆ ಬರಲಿಲ್ಲ.
ಆ ವರ್ಷ ಸಾರ್ ಕೊಟ್ಟ ನಾಲ್ಕು ದನಿಯ ಲೆಕ್ಕಗಳಲ್ಲೆಲ್ಲ
ಮೂರನೆಯ ಗೆರೆ ಖಾಲಿ.
ಅದರ ಸುತ್ತ ಬರೀರಿ, ಅಂದರು. ಅದರ ಮೇಲೆ ಬೇಡ.

ಗಣಿ ಮುಚ್ಚಿತು. ಗುಣಶೀಲಿ ಬಂಗಾರಪೇಟೆಯ ಶಾಲೆಯಲ್ಲಿ
ಅರ್ಧ ಕ್ಲಾಸಿಗೆ ಮಗ್ಗಿ ಹತ್ತಿಸುತ್ತಾಳೆ, ಅರ್ಧಕ್ಕೆ ಇಳಿಸುತ್ತಾಳೆ,
ಹೆಡ್ಮಾಸ್ಟರು ಕಿವಿ ಮುಚ್ಚಿಕೊಳ್ಳುತ್ತಾರೆ.
ಡೆಸ್ಮಂಡನ ಬ್ಯಾಂಡಿನ ದೊಡ್ಡ ಕಹಳೆ
ವರ ಮುಂದೆ ಬಂದಂತೆಲ್ಲ ಏನೋ ಗೊಣಗುತ್ತ ಹಿಂದೆ ಹೋಗುತ್ತದೆ;
ಹಾಡೇನೋ ಸರಿ, ಅದರಡಿ ಅದೇನಪ್ಪ? ಎಂದು ಬೀಗರು ಕೇಳಿದ್ದುಂಟು.
ನಾನು ಆಂಡರ್ಸನ್‌ಪೇಟೆಯಲ್ಲಿ ಹೊಲಿಗೆಯವನು.
ಹೆಂಡತಿಯ ದನಿ ಏರಿದಾಗ ನನ್ನದು ತಾನಾಗಿ ಇಳಿಯುತ್ತದೆ.
ಹೆದರಿಕೆ ಅಂದುಕೊಂಡಿದ್ದಾಳೆ.

ಅವರೇ ಕಟ್ಟಿದ ಸಂಗೀತ ಒಂದು ಟ್ರಂಕಿನಷ್ಟಿತ್ತಂತೆ.
ಒಂದನ್ನೂ ನಾವು ಕೇಳಿಲ್ಲ.
ಕೇಳಿಸಿ ಎಂದು ಕೇಳಲೂ ಇಲ್ಲ.

ನಿನ್ನೆ ಗುಂಡಿ ಡಬ್ಬದಡಿ ಹಳೆಯ ನೋಟುಬುಕ್ಕು ಸಿಕ್ಕಿತು.
ಹನ್ನೊಂದನೆಯ ಲೆಕ್ಕ. ಕೆಂಪು ಸುತ್ತು. ಪಕ್ಕದಲ್ಲಿ
ನಮ್ಮಿಂದ ಕಲಿತ ಕನ್ನಡದ ಸೊಟ್ಟ ಅಕ್ಷರ,
ದೀರ್ಘ ತಪ್ಪಿದ್ದು:
ಇಲ್ಲಿ ಇನ್ನೋಂದು ದಾರಿ ಇದೆ.

ಮಿಷನ್ನು ನಿಲ್ಲಿಸಿ ಗುನುಗಿದೆ,
ಮೇಲಿನದನ್ನು ಮನಸ್ಸಿನಲ್ಲಿ, ಕೆಳಗಿನದನ್ನು ಬಾಯಲ್ಲಿ.
ಎರಡು ಸಲ ಗೋಡೆಗೆ ಹೋಗಿ ಬಡಿದೆ.
ಬ್ಲೌಸ್ ಆಯ್ತಾ ಅಂತ ಬಾಗಿಲಲ್ಲಿ ಯಾರೋ.
ಇಲ್ಲಮ್ಮ, ನಾಳೆ ಬಾ.