ಒಂದು ಉಸಿರಿಗೆ ಎಷ್ಟು ಮಾತು

ಗ್ರಿಮ್ಸ್‌ಬಿಯ ಕ್ಲಿನಿಕ್ಕಿನ ಮೂರನೇ ಕೋಣೆಗೆ
ಹೊಗೆಯಲ್ಲಿ ಒಣಗಿಸಿದ ಹ್ಯಾಡಕ್ ಮೀನಿನ ವಾಸನೆ ಮೊದಲು ಬಂತು,
ಹಿಂದೆ ಹೆದರ್ ಬ್ಲಾಂಚರ್ಡ್,
ಬಾಗಿಲ ಚೌಕಟ್ಟು ಹಿಡಿದು, ಅದನ್ನು ಮೆಚ್ಚುತ್ತಿರುವವಳ ಹಾಗೆ
ಒಂದು ಗಳಿಗೆ ನಿಂತು.
ಹೆದರ್: ನನ್ನ ಕಿವಿಗೆ ಅದು ಹೆಸರಲ್ಲ, ಅಪ್ಪಣೆ.
ಅವಳೋ ಹೆದರುವ ಪೈಕಿಯಲ್ಲ.

ನನ್ನ ಮುಂದೆ ಫಾರಂ. ಚೌಕಗಳು.
ವಾರದಲ್ಲಿ ಎಷ್ಟು ರಾತ್ರಿ ಉಬ್ಬಸಕ್ಕೆ ಎಚ್ಚರವಾಗುತ್ತದೆ?
‘ಒಂದೂ ಇಲ್ಲ, ಸಿಸ್ಟರ್.’
ಮೆಟ್ಟಿಲು ಹತ್ತುವಾಗ ತೊಂದರೆ?
‘ಇಲ್ಲವೇ ಇಲ್ಲ.’
ನೀಲಿ ಪಂಪು?
‘ಯಾವಾಗಲೋ ಒಮ್ಮೆ.’
ಪೆನ್ನು ‘ಸೌಮ್ಯ’ಕ್ಕೆ ಗೀಟು ಎಳೆದೂ ಬಿಟ್ಟಿತು.

ಆಮೇಲೆ ನಾಯಿಯ ಮಾತು ಬಂತು.
ಮುದಿಯಾಗಿದೆ ಮಸ್ಟರ್ಡ್, ಈಗ ಅವಳ ಕಾಲ ಬಳಿಯೇ ಮಲಗುತ್ತದಂತೆ,
ಕುರ್ಚಿಯ ಕೆಳಗೆ.
ಕುರ್ಚಿಯೇ?
ಹೌದು, ಮಂಚ ಬಿಟ್ಟು ಎರಡು ಚಳಿಗಾಲವಾಯಿತು.
ಕೂತೇ ಬೆಳಗು ಮಾಡುವವಳಿಗೆ
ಎಚ್ಚರ ಇನ್ನೆಲ್ಲಿಂದ ಆಗಬೇಕು?
ಮಹಡಿಗೆ ಹೋಗುವುದು ಈಗ ಮಗಳು ಮಾತ್ರ, ಕೋಟು ತರಲು.
ನೀಲಿ ಪಂಪು ಕಳೆದ ವರ್ಷ ಹದಿಮೂರು, ಎನ್ನುತ್ತದೆ ಪರದೆ.
‘ಕಳೆದುಹೋಗುತ್ತವೆ’ ಎಂದಳು, ಕಿಟಕಿ ನೋಡುತ್ತ.

ಸುಳ್ಳು ಹೇಳಿದಳೆಂದಲ್ಲ.
ಕಾಯಿಲೆ ಬೆಳೆದಷ್ಟೂ ಬದುಕನ್ನೇ
ಒಳಗಿಂದ ಹಿಡಿದು ಹೊಲಿಗೆ ಹಾಕಿಕೊಂಡಿದ್ದಾಳೆ,
ಎಲ್ಲೂ ಬಿಗಿಯೆನಿಸದ ಹಾಗೆ.

ಊದಿಸಿದೆ. ಕೆಂಪು ಮುಳ್ಳು ಇನ್ನೂರನಲವತ್ತಕ್ಕೆ ನಿಂತಿತು.
ಅವಳ ಒಳ್ಳೆಯ ದಿನಗಳದ್ದು ನಾನೂರ ಹತ್ತು.
ನೂರಕ್ಕೆ ಐವತ್ತೆಂಟು: ಮಧ್ಯದ ಚೌಕ.
ಬೆನ್ನಿಗೆ ಕಿವಿಗೊಟ್ಟರೆ ಒಳಗೆ ಸುಂಯ್ ಸುಂಯ್,
ಗೂರಲು ಎಂದು ಅಜ್ಜಿ ಕರೆಯುತ್ತಿದ್ದದ್ದು ಇದನ್ನೇ.
ಶಬ್ದ ಇರುವ ತನಕ ಪರವಾಗಿಲ್ಲ.
ಎದೆ ಸುಮ್ಮನಾದರೆ ಮಾತ್ರ
ನಾನು ಓಡಬೇಕು.

ಕ್ಲೀಥೋರ್ಪ್ಸ್ ಕಡಲ ಕಟ್ಟೆಯ ಮೇಲೆ
ಗಂಡನನ್ನು ಮೊದಲು ಕಂಡ ಕತೆ ಶುರುಮಾಡಿದಳು.
ನಾನು ಕತೆ ಕೇಳಲಿಲ್ಲ, ಎಣಿಸಿದೆ.
‘ಅವತ್ತು ಬ್ಯಾಂಡು ಬಾರಿಸುವವರು ಬಂದಿರಲೇ ಇಲ್ಲ’
ಉಸಿರು
‘ಆದರೂ ನಾವಿಬ್ಬರೂ ಕುಣಿದೆವು’
ಉಸಿರು
‘ಮಳೆ ಬರುವತನಕ’
ಉಸಿರು
‘ಸುಮ್ಮನೆ.’

‘ಸೌಮ್ಯ’ವನ್ನು ಹೊಡೆದು ಹಾಕಿದೆ, ಕಾಗದ ಹರಿಯುವಷ್ಟು.
ಮಧ್ಯದ ಚೌಕವನ್ನೂ ದಾಟಿ ಕೆಳಗಿಳಿದೆ.
ಡಾಕ್ಟರಿಗೆ ಫೋನು ಮಾಡುತ್ತ, ಒಂದು ಕೈಯಲ್ಲಿ ನೆಬ್ಯುಲೈಸರಿನ ಮುಖವಾಡ ಬಿಡಿಸುತ್ತ
ಹೇಳಿದೆ: ಇವತ್ತು ರಾತ್ರಿ ಆಸ್ಪತ್ರೆಯಲ್ಲೇ.
ಕತೆ ಇನ್ನೊಮ್ಮೆ ಹೇಳಿ ಆಮೇಲೆ, ಎಣಿಸುವುದಿಲ್ಲ.

ಮುಖವಾಡ ಸರಿಸಿ ನನ್ನ ತೋಳು ಹಿಡಿದಳು.
‘ಹಾಗಾದರೆ ಮಸ್ಟರ್ಡ್‌ಗೆ’
ಉಸಿರು
‘ಊಟ?’